ಇಪ್ಪತ್ತೆಂಟು ಬೈಟು

ಹದಿಮೂರು ಸಾವಿರದ ಒಂಬೈನೂರಾ ನಾಲ್ಕು.

ಪರದೆಯ ಮೇಲಿನ ಹಸಿರು ಅಂಕಿಯನ್ನು ಜಿನಮತಿ ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮೂರನೆಯ ಸಲ ಓದಿದಳು. ಅಂಕಿ ಅಷ್ಟೇ ಇತ್ತು.

"ಇದು ನನ್ನದಲ್ಲರಿ, ಸಾಹೇಬ್ರ."

ಬೆನ್ನ ಹಿಂದೆ ನಿಂತಿದ್ದ ಸಬ್‌ಇನ್‌ಸ್ಪೆಕ್ಟರ್ ಸಿದರಾಯ ನಾಯಿಕ ಬಗ್ಗಿ ನೋಡಿದ. "ಯಾವದು ನಿಮ್ಮದಲ್ಲ?"

"ಈ ಡ್ರೈವರ್. ಈ ಮಶೀನಿನ ಒಳಗ ಇರೋದು ನಾ ಬರದದ್ದಲ್ಲ."

ಜುಗೂಳದ ಹೊರಗೆ, ಕೃಷ್ಣೆಯ ದಂಡೆಯ ಮೇಲಿದ್ದ ಪದ್ಮಾವತಿ ನೀರಾವರಿ ಸಂಘದ ಪಂಪ್‌ಹೌಸು ಹನ್ನೊಂದು ದಿನದಿಂದ ಸದ್ದಿಲ್ಲದೆ ನಿಂತಿತ್ತು. ನಾಲ್ಕೂ ಮೋಟರುಗಳ ಮೇಲೆ ಪೊಲೀಸರ ಅರಗಿನ ಸೀಲು. ಕಂಪ್ಯೂಟರೊಂದನ್ನು ಮಾತ್ರ ಸಿದರಾಯನ ಎದುರಿಗೆ ಚಾಲೂ ಮಾಡಿ ನೋಡಲು ಜಿನಮತಿಗೆ ಇವತ್ತು ಅಪ್ಪಣೆ ಸಿಕ್ಕಿತ್ತು.

ಹನ್ನೊಂದು ದಿನದ ಹಿಂದೆ, ಡಿಸೆಂಬರ್ ಹನ್ನೆರಡರ ಗುರುವಾರ, ಇಲ್ಲಿಯ ಆಪರೇಟರ್ ಜ್ಞಾನದೇವ ಕಾಂಬಳೆ ಕರೆಂಟು ಹೋಗಿದ್ದಾಗ ಜಾಕ್‌ವೆಲ್ಲಿಗೆ ಇಳಿದಿದ್ದ. ನದಿಯ ನೀರು ಬಂದು ತುಂಬುವ ಆಳದ ಬಾವಿ ಅದು. ಪಂಪಿನ ಬಾಯಿಗೆ ಸಿಕ್ಕಿಕೊಂಡ ಜೊಂಡು ತೆಗೆಯಬೇಕಿತ್ತು. ಇಳಿಯುವ ಮೊದಲು ನಿಯಮದಂತೆ ಗೋಡೆಯ ಕೀಲಿ ಸ್ವಿಚ್ಚು ತಿರುವಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಸ್ವಿಚ್ಚು ತಿರುವಿದೆ ಎಂದರೆ ಒಳಗೆ ಮನುಷ್ಯನಿದ್ದಾನೆ, ಕಂಪ್ಯೂಟರು ಮೋಟರು ಚಾಲೂ ಮಾಡಕೂಡದು.

ಕರೆಂಟು ಬಂತು. ಮೂರನೆಯ ಮೋಟರು ತಾನಾಗಿಯೇ ಚಾಲೂ ಆಯಿತು. ಕೀಲಿ ಅವನ ಹೆಣದ ಉಡಿದಾರದಲ್ಲೇ ಸಿಕ್ಕಿತು.

ಆ ಕಂಪ್ಯೂಟರಿನ ದೇಖರೇಖಿ ನೋಡಿಕೊಳ್ಳುವವಳು ಜಿನಮತಿ. ಸತ್ತ ದಿನಕ್ಕೆ ಬರೋಬ್ಬರಿ ಒಂದು ತಿಂಗಳ ಹಿಂದೆ ಅದರ ಡ್ರೈವರಿನಲ್ಲಿ ಒಂದು ದೋಷ ಕಂಡು ತಿದ್ದಿದವಳೂ ಅವಳೇ. ಜುಗೂಳದಿಂದ ಅಥಣಿಯವರೆಗೆ ಎಲ್ಲರ ಬಾಯಲ್ಲೂ ಈಗ ಒಂದೇ ಮಾತು: ಆ ಹೆಣಮಗಳು ಏನೋ ತಿದ್ದಿದಳು, ಮನುಷ್ಯ ಸತ್ತ.

"ಮ್ಯಾಡಮ್, ನಂಗ ತಿಳಿಯೂಹಂಗ ಹೇಳ್ರಿ," ಅಂದ ಸಿದರಾಯ. ಮೊದಲ ದಿನ 'ಡ್ರೈವರ್' ಎಂಬ ಮಾತು ಕೇಳಿ ಆ ಡ್ರೈವರನ ಲೈಸನ್ಸ್ ತರಿಸಿರಿ ಎಂದಿದ್ದ ಮನುಷ್ಯ. ಆಮೇಲೆ ಯಾರೂ ನಗದಂತೆ ಕೂತು ಕಲಿತಿದ್ದ.

"ಕಂಪ್ಯೂಟರಿನ ಒಳಗಿನ ಕಾರಭಾರ ಎಲ್ಲಾ ನೋಡೂದು ಕರ್ನಲ್ ಅನ್ನೋ ಪ್ರೋಗ್ರಾಂರಿ. ಆದ್ರ ಅದಕ್ಕ ಹೊರಗಿಂದು ಏನೂ ಕಾಣಸೂದಿಲ್ಲ. ಸ್ವಿಚ್ಚು ಏನ ಅಂತೈತಿ, ಮೋಟರು ಏನ ಮಾಡಾಕತ್ತೈತಿ ಅಂತ ನೋಡಿ ಬಂದು ಅದಕ್ಕ ಹೇಳೂದು ಡ್ರೈವರ್."

"ಅಂದ್ರ ನಮ್ಮ ಹವಾಲ್ದಾರ ಇದ್ದಂಗ."

"ಹೌದ್ರಿ. ಹವಾಲ್ದಾರ ಸುಳ್ಳ ಹೇಳಿದ್ರ ಸಾಹೇಬ್ರ ಏನ ಮಾಡಬೇಕ್ರಿ?"

ಸಿದರಾಯ ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತ.

ಜಿನಮತಿ ಚೀಲದಿಂದ ತನ್ನ ಎರಡು ಫ್ಲಾಪಿ ತೆಗೆದು ಒಂದಾದ ಮೇಲೊಂದು ಮಶೀನಿಗೆ ಹಾಕಿ ತೋರಿಸಿದಳು. ಮೊದಲನೆಯದು ಹಳೆಯ ಡ್ರೈವರ್: ಹದಿಮೂರು ಸಾವಿರದ ಎಂಟುನೂರಾ ಎಪ್ಪತ್ತಾರು ಬೈಟು. ಎರಡನೆಯದು ಅವಳು ನವೆಂಬರಿನಲ್ಲಿ ತಿದ್ದಿದ್ದು: ಹದಿನಾಲ್ಕು ಸಾವಿರದ ಮುನ್ನೂರಾ ಹನ್ನೆರಡು. ಈಗ ಮಶೀನಿನಲ್ಲಿರುವುದು ಎರಡೂ ಅಲ್ಲ.

"ಹಳೇದಕ್ಕಿಂತ ಇಪ್ಪತ್ತೆಂಟು ಬೈಟು ಜಾಸ್ತಿ ಐತ್ರಿ. ಯಾರೋ ನನ್ನದನ್ನ ತಗದು, ಹಳೇದನ್ನ ತಂದು, ಅದಕ್ಕ ಇಪ್ಪತ್ತೆಂಟು ಬೈಟು ಸೇರಿಸ್ಯಾರ."

"ಅಷ್ಟರಾಗ ಏನ ಮಾಡಾಕ ಬರತೈತಿ?"

ಅದನ್ನೇ ಹುಡುಕಲು ಅವಳಿಗೆ ಒಂದು ತಾಸು ಹಿಡಿಯಿತು. ಸಾಲು ಸಾಲು ಅಂಕಿಗಳನ್ನು ಪರದೆಯ ಮೇಲೆ ಇಳಿಸುತ್ತ, ಬೆರಳಿಟ್ಟು ಹಳೆಯದರ ಜೊತೆ ತಾಳೆ ನೋಡುತ್ತ ಹೋದಳು. ಸಿದರಾಯ ಎರಡು ಸಲ ಹೊರಗೆ ಹೋಗಿ ಬೀಡಿ ಸೇದಿ ಬಂದ. ಮೂರನೆಯ ಸಲ ಬಂದಾಗ ಅವಳ ಬೆರಳು ಒಂದೇ ಕಡೆ ನಿಂತಿತ್ತು.

"ಸಿಕ್ತೇನ್ರಿ?"

"ಸಿಕ್ತರಿ." ಅವಳು ಬೆರಳು ಸರಿಸಿ ತೋರಿಸಿದಳು. "ಡ್ರೈವರ್ ಸ್ವಿಚ್ಚನ್ನ ಓದತೈತಿ. ಓದಿದ ಕೂಡಲೇ ಇಲ್ಲಿಂದ ಜಿಗದು ಕಡೀಕ ಹೋಗತೈತಿ. ಅಲ್ಲಿ ಓದಿದ್ದನ್ನ ಸೊನ್ನೆ ಮಾಡಿ ಮತ್ತ ಹಿಂದಕ ಜಿಗೀತೈತಿ. ಸೊನ್ನೆ ಅಂದ್ರ ಒಳಗ ಯಾರೂ ಇಲ್ಲ. ಕೀಲಿ ಹ್ಯಾಂಗರ ತಿರುವ್ರಿ, ಯಾವಾಗೂ ಯಾರೂ ಇಲ್ಲ."

"ತಪ್ಪಿ ಆಗಿದ್ದೇನು?"

"ತಪ್ಪಾದ್ರ ಬ್ಯಾರೆ ಥರ ಇರತೈತ್ರಿ. ಇದನ್ನ ಕುಂತು, ಎಣಿಸಿ, ಬೇಕಂತ ಹಾಕ್ಯಾರ."

ಡ್ರೈವರ್ ಬದಲಿಸಿ ಕರ್ನಲ್ಲನ್ನು ಹೊಸದಾಗಿ ಜೋಡಿಸಿದ ದಿನವೂ ಮಶೀನಿನಲ್ಲಿ ದಾಖಲಾಗಿತ್ತು. ಡಿಸೆಂಬರ್ ಒಂಬತ್ತು, ಸೋಮವಾರ, ಮಧ್ಯಾಹ್ನ ಮೂರೂ ನಲವತ್ತು. ಆ ಸೋಮವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಜಿನಮತಿ ತೆಲಸಂಗದಲ್ಲಿದ್ದಳು. ಅಲ್ಲಿಯ ಸೊಸೈಟಿಯ ಪ್ರಿಂಟರು ಅರ್ಧ ಸಾಲು ಹೊಡೆದು ನಿಲ್ಲುತ್ತಿತ್ತು. ಅದನ್ನು ಸರಿ ಮಾಡಿ ಬರುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿತ್ತು. ಸೊಸೈಟಿಯ ನಾಲ್ಕು ಜನ ಸಾಕ್ಷಿ ಹೇಳಿಯಾರು.

ಸಿದರಾಯ ವಾಚಮನ್ ಮಾಯಪ್ಪನನ್ನು ಒಳಗೆ ಕರೆದ. "ಒಂಬತ್ತನೇ ತಾರೀಖು ಮಧ್ಯಾಹ್ನ ಯಾರ ಬಂದಿದ್ರೋ?"

"ಹೊರಗಿನವರು ಯಾರೂ ಬಂದಿಲ್ರಿ ಸಾಹೇಬ್ರ. ಬುಕ್ಕಿನ್ಯಾಗ ನೋಡ್ರಿ, ಸಹೀನ ಇಲ್ಲ."

"ಒಳಗ ಯಾರ ಇದ್ರು?"

"ಜ್ಞಾನದೇವಣ್ಣ ಇದ್ದ. ಅಂವ ಈಗ ಎಲ್ಲಿ ಬಂದು ಹೇಳ್ಯಾನ್ರಿ?"

ಮಾಯಪ್ಪ ಹೋದ ಮೇಲೆ ಸಿದರಾಯ ಸ್ವಲ್ಪ ಹೊತ್ತು ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕುಳಿತ. ಆಮೇಲೆ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದ.

"ಈ ಡ್ರೈವರ್ ಬರಿಯಾಕ ಬರೂವರು ಈ ಭಾಗದಾಗ ಎಷ್ಟ ಮಂದಿ ಅದಾರ, ಮ್ಯಾಡಮ್?"

"ಇಬ್ಬರು. ನಾನು, ಮತ್ತ ನಮ್ಮ ಆಬಾ."

"ನಿಪ್ಪಾಣಿ ಆಬಾಸಾಹೇಬ ಚೌಗುಲೆ?"

"ಹೌದ್ರಿ. ನಂಗ ಕಲಿಸಿದವರ ಅವರು."

"ಹಂಗಾದ್ರ ಇದನ್ನ ಓದ್ರಿ. ತೋರಸಬಾರದು. ಆದ್ರೂ ತೋರಸಾಕತ್ತೀನಿ."

ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯೊಂದರ ಕಾರ್ಬನ್ ಪ್ರತಿ. ನೀಲಿ ಅಕ್ಷರ. ಆದರೂ ಆ ಬಾಗಿದ 'ಜ' ಮತ್ತು ಉದ್ದನೆಯ ಕೊಂಬು ಯಾರವೆಂದು ಅವಳಿಗೆ ಹೆಸರು ನೋಡುವ ಮೊದಲೇ ತಿಳಿಯಿತು. ಏಳು ವರ್ಷ ಆ ಅಕ್ಷರದಲ್ಲಿ ಬರೆದ ಟಿಪ್ಪಣಿಗಳನ್ನು ಓದಿಯೇ ಅವಳು ಈ ಕೆಲಸ ಕಲಿತಿದ್ದು.

'ನಾನು ಬರೆದ ಮೂಲ ಡ್ರೈವರಿನಲ್ಲಿ ಯಾವ ದೋಷವೂ ಇರಲಿಲ್ಲ. ನನ್ನ ಹತ್ತಿರ ಕೆಲಸಕ್ಕಿರುವ ಶ್ರೀಮತಿ ಜಿನಮತಿ ಮಗದುಮ್ ಇವರು ನನಗೆ ತಿಳಿಸದೆ ಅದನ್ನು ಬದಲಿಸಿದರು. ಆ ನಂತರ ನಾನಾಗಲಿ ಬೇರೆ ಯಾರಾಗಲಿ ಅದನ್ನು ಮುಟ್ಟಿರುವುದಿಲ್ಲ.'

ತಿಳಿಸದೆ!

ನವೆಂಬರಿನಲ್ಲಿ ದೋಷ ಕಂಡ ದಿನ ಅವಳು ಮೊದಲು ಓಡಿದ್ದು ಆಬಾರ ಹತ್ತಿರವೇ. ಕರೆಂಟು ಬಂದ ಗಳಿಗೆಯಲ್ಲಿ ಹಳೆಯ ಡ್ರೈವರು ಸ್ವಿಚ್ಚನ್ನು ಒಂದೇ ಸಲ ಓದುತ್ತಿತ್ತು. ಸ್ವಿಚ್ಚು ಒದ್ದೆಯಾಗಿದ್ದರೆ ತಪ್ಪು ಓದುವ ಸಂಭವವಿತ್ತು. ಹತ್ತು ಸಲ ಓದಿಸಬೇಕು, ಒಂದು ಸಲ ಅನುಮಾನ ಬಂದರೂ ಮೋಟರು ನಿಲ್ಲಬೇಕು ಎಂದು ಅವಳು ಹೇಳಿದಾಗ ಆಬಾ ಅವಳ ತಲೆಯ ಮೇಲೆ ಕೈಯಿಟ್ಟು, "ನನಗ ಇದು ಹೊಳೀಲಿಲ್ಲ ನೋಡು, ಬಾಳಾ" ಅಂದಿದ್ದರು. ಅವಳನ್ನು ಅವರು ಕರೆಯುತ್ತಿದ್ದುದೇ ಹಾಗೆ, ಮಗಳೇ ಎಂಬಂತೆ.

"ನಾಳೆ ಸಂಜಿತನಾ ನಿಮಗ ವ್ಯಾಳೆ ಕೊಡತೀನಿ," ಅಂದ ಸಿದರಾಯ. "ಮ್ಯಾಲಿನವರು ಅರೆಸ್ಟ್ ಮಾಡು ಅನ್ನಾಕತ್ತಾರ. ಈ ಇಪ್ಪತ್ತೆಂಟು ಯಾರ ಕೈಯಿಂದು ಅಂತ ನೀವ ಹೇಳದಿದ್ರ ಕೋರ್ಟಿನ್ಯಾಗ ಅದೂ ನಿಮ್ಮ ಕೈಯಿಂದ ಆಗತೈತಿ."

ಮಶೀನಿನೊಳಗಿನ ಡ್ರೈವರನ್ನು ಹೊಸ ಫ್ಲಾಪಿಗೆ ಇಳಿಸಿ, ಆ ಸಾಲುಗಳನ್ನು ಕಾಗದಕ್ಕೆ ಹೊಡೆಸಿಕೊಂಡು ಜಿನಮತಿ ಎದ್ದಳು.

ಗೇಟಿನ ಹತ್ತಿರ ಹೆಂಗಸೊಬ್ಬಳು ನಿಂತಿದ್ದಳು. ಜ್ಞಾನದೇವನ ಹೆಂಡತಿ ಅಕ್ಕುತಾಯಿ. ಅವಳನ್ನು ನೋಡಿ ಜಿನಮತಿ ನಿಂತಳು.

"ಪೊಲೀಸರು ಬಂದಾರಂದ್ರು, ಬಂದೆ," ಅಂದಳು ಅಕ್ಕುತಾಯಿ. ಕಣ್ಣಲ್ಲಿ ನೀರಿರಲಿಲ್ಲ. "ನಿಮ್ಮ ಮ್ಯಾಲೆ ಅಂವಗ ಭಾಳ ಭರೋಸಾ ಇತ್ರಿ ಬಾಯಾರ. ಆ ಅಕ್ಕ ಬಂದು ಹೋದ ಮ್ಯಾಲೆ ಇಳಿಯಾಕ ಹೆದರಿಕಿ ಇಲ್ಲ ಅಂತಿದ್ದ. ಹೆದರಿದ್ದರ ಬದಕತಿದ್ದ."

ಅಕ್ಕುತಾಯಿ ಪಂಪ್‌ಹೌಸಿನ ಕಡೆ ಕೈ ಮಾಡಿದಳು.

"ಆ ಸ್ವಿಚ್ಚಿಗೆ ನೀರ ಇಳೀತೈತಿ ಅಂತ ಮೂರು ತಿಂಗಳಿಂದ ಹೇಳಾಕತ್ತಿದ್ದ. ಯಾರ ಕೇಳಿದ್ರು?"

"ಪುಣೆಯಿಂದ ಹೊಸಾದು ಬರಬೇಕಿತ್ತವ್ವಾ. ಆರ್ಡರ್ ಕೊಟ್ಟಿತ್ತು." ಹೇಳಿದವನು ಜಯಪಾಲ, ಜಿನಮತಿಯ ಗಂಡ. ಬೇವಿನ ಮರದ ನೆರಳಲ್ಲಿ ಸ್ಕೂಟರಿನ ಮೇಲೆ ಕುಳಿತು ಕಾಯುತ್ತಿದ್ದವನು ಎದ್ದು ಬಂದಿದ್ದ. ಬೋರಗಾಂವದಲ್ಲಿ ಮಗ್ಗಗಳ ಮೋಟರು ಕಟ್ಟುವ ಅಂಗಡಿ ಅವನದು. ಈ ಪಂಪ್‌ಹೌಸಿನ ಮೋಟರು, ವೈರಿಂಗು, ಸ್ವಿಚ್ಚುಗಳ ಕೆಲಸವನ್ನು ವರ್ಷದ ಹಿಂದೆ ಸಂಘದವರಿಗೆ ಹೇಳಿ ಅವನಿಗೆ ಕೊಡಿಸಿದವಳು ಜಿನಮತಿಯೇ.

ಅಕ್ಕುತಾಯಿ ಅವನತ್ತ ತಿರುಗಿಯೂ ನೋಡಲಿಲ್ಲ. "ಬರಬೇಕಿತ್ತು," ಎಂದು ಅವನ ಮಾತನ್ನೇ ಮೆಲ್ಲಗೆ ಹೇಳಿಕೊಂಡು ನದಿಯ ದಾರಿ ಹಿಡಿದಳು.

ಸ್ಕೂಟರು ಹೊರಟಿತು. ಕಬ್ಬಿನ ಗಾಡಿಗಳ ಸಾಲನ್ನು ದಾಟಿತು. ಅಂಕಲಿಯಲ್ಲಿ ಜಯಪಾಲ ಚಹಾ ತರಿಸಿದ. ಬಸಿಯಲ್ಲಿ ಹಾಕಿ ಆರಿಸಿ ಅವಳ ಕೈಗೆ ಕೊಟ್ಟ. ಈ ಹನ್ನೊಂದು ದಿನ ಅವನು ಅಂಗಡಿಗೆ ಬೀಗ ಹಾಕಿ ಅವಳ ಜೊತೆಗೇ ಅಲೆದಿದ್ದ. ತವರಿನವರೇ ಬಾಗಿಲು ಮುಂದೆ ಮಾಡಿದಾಗಲೂ ಅವನು ಅವಳ ಪಕ್ಕ ಬಿಟ್ಟಿರಲಿಲ್ಲ.

"ಒಳಗ ಏನ ಸಿಕ್ತು?"

"ಆಬಾ ನನ್ನ ಮ್ಯಾಲೆ ಬರದು ಕೊಟ್ಟಾರ್ರಿ," ಅಂದಳು. ಇಪ್ಪತ್ತೆಂಟು ಬೈಟಿನ ಮಾತು ಹಿಂದುಳಿಯಿತು. ಅದಕ್ಕಿಂತ ಮೊದಲು ಹೊರಬಿದ್ದದ್ದು ಈ ನೋವು. "ನಮ್ಮಪ್ಪ ಹುಡಿಗಿಗೆ ಇಂಥಾ ಕೆಲಸ ಬ್ಯಾಡ ಅಂದಾಗ ಮೂರು ದಿನ ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ಒಪ್ಪಿಸಿದವರು ಅವರು. ಹಂತಾವರು ಬರದು ಕೊಟ್ಟಾರ."

ಜಯಪಾಲ ತನ್ನ ಬಸಿಯನ್ನು ಕೆಳಗಿಟ್ಟ.

"ಮುದುಕರಾಗ್ಯಾರ. ಹೆದರ್ಯಾರ. ಬಿಡು."

"ಹ್ಯಾಂಗ ಬಿಡ್ಲಿ? ನಿಪ್ಪಾಣಿಗೆ ಹೋಗೂಣ ನಡೀರಿ."

"ಇವತ್ತ ಬ್ಯಾಡ. ನೀ ದಣದಿ. ಮನಿಗೆ ಹೋಗೂಣು. ನಾಳೆ ನಾನs ಹೋಗಿ ಅವರ ಕೂಡ ಮಾತಾಡತೀನಿ."

"ನಾಳೆ ಸಂಜಿಕ ನನ್ನ ಹಿಡಕೊಂಡು ಹೋಗತಾರ್ರಿ."

ಅವನು ಚಹಾದ ದುಡ್ಡು ಕೊಟ್ಟು ಬಂದ. ಸ್ಕೂಟರಿಗೆ ಕಿಕ್ ಹೊಡೆದ.

ನಿಪ್ಪಾಣಿಯಲ್ಲಿ ಆಬಾಸಾಹೇಬ ಚೌಗುಲೆಯವರ ವರ್ಕ್‌ಶಾಪು ತಂಬಾಕಿನ ಗೋದಾಮೊಂದರ ಮೇಲಿನ ಅಟ್ಟದಲ್ಲಿತ್ತು. ಕೆಳಗೆ ತಂಬಾಕು ಕುಟ್ಟುವ ಹೆಂಗಸರು ಮನೆಗೆ ಹೊರಡುವ ಹೊತ್ತು. ಘಾಟಿಗೆ ಜಿನಮತಿಗೆ ಎರಡು ಸೀನು ಬಂದವು. ಏಳು ವರ್ಷದಲ್ಲಿ ಒಂದು ದಿನವೂ ಸೀನಿರಲಿಲ್ಲ.

"ನೀವ ಇಲ್ಲೇ ಇರ್ರಿ," ಎಂದು ಗಂಡನಿಗೆ ಹೇಳಿ ಅವಳು ಮೆಟ್ಟಿಲು ಹತ್ತಿದಳು.

ಆಬಾ ಕಿಟಕಿಯ ಬದಿ ಬಿಚ್ಚಿದ ಕೀಬೋರ್ಡೊಂದನ್ನು ಬ್ರಶ್ಶಿನಿಂದ ಒರೆಸುತ್ತಿದ್ದರು. ಅರವತ್ತು ದಾಟಿದ ದೇಹ, ಬಿಳಿ ಟೋಪಿ, ಎಡಗಣ್ಣಿಗೆ ಹೊಸದಾಗಿ ಕಟ್ಟಿದ ಹಸಿರು ಬಟ್ಟೆ. ಅವಳನ್ನು ಕಂಡು ಬ್ರಶ್ಶು ನಿಂತಿತು.

"ಬಾ, ಬಾಳಾ."

"ಹಂಗ ಕರೀಬ್ಯಾಡ್ರಿ, ಆಬಾ."

ಅವರು ತಲೆ ತಗ್ಗಿಸಿದರು. ನನ್ನ ಹೇಳಿಕೆ ನಿನಗೆ ತೋರಿಸಿದರೇ ಎಂದು ಕೇಳಲಿಲ್ಲ.

"ನಾ ನಿಮಗ ತಿಳಸದ ಡ್ರೈವರ್ ಬದಲಿ ಮಾಡಿದ್ನಿ?"

"ಇಲ್ಲ."

"ಇದs ಟೇಬಲ್ಲಿನ ಮ್ಯಾಲೆ ಇಟ್ಟು ತೋರಿಸಿದ್ನೋ ಇಲ್ಲೋ?"

"ತೋರಿಸಿದ್ದಿ."

"ಹಂಗಾದ್ರ ಯಾಕ?"

"ಹೆದರಿದೆ, ಜಿನಮತಿ." ಅವರು ಬ್ರಶ್ಶನ್ನು ಡಬ್ಬಿಯಲ್ಲಿಟ್ಟರು. ಮತ್ತೆ ತೆಗೆದರು. "ನಿನ್ನ ಡ್ರೈವರ್ ಹಾಕಿದ ಮ್ಯಾಲೆ ಸಂಘದವರು ದಿನಾ ಫೋನ್ ಮಾಡಾಕ ಹತ್ತಿದ್ರು. ಮೋಟರು ತಾಸಿಗೊಮ್ಮೆ ನಿಂದ್ರತಾವ, ನೀರ ಇಲ್ಲ, ರೈತರು ಗೇಟಿಗೆ ಬಂದಾರ ಅಂತ. ಸ್ವಿಚ್ಚಿನ್ಯಾಗ ಹನಿ ನೀರ ಇದ್ರೂ ಒಳಗ ಮನಶ್ಯಾ ಅದಾನ ಅಂತೈತಿ ನಿಂದು."

"ಅನ್ನಬೇಕು. ಅದಕ್ಕs ಬರದೀನಿ. ಸ್ವಿಚ್ಚ ಬದಲಿ ಮಾಡ್ರಿ ಅನ್ನಬೇಕಿತ್ತು ನೀವು."

"ಅಂದೆ. ಪುಣೆಯಿಂದ ಬರೂತನಾ ಏನ ಮಾಡೂದು ಅಂದ್ರು. ಅಲ್ಲೀತನಾ ಹಳೇದ ಇರಲಿ ಅಂತ… ನಾನs ವಾಪಸ್ ಹಾಕಿಸಿದೆ."

ದಾರಿಯುದ್ದಕ್ಕೂ ಇದೇ ಉತ್ತರವನ್ನು ಅವಳು ನಿರೀಕ್ಷಿಸಿದ್ದಳು. ಆದರೂ ಅವರ ಬಾಯಿಂದಲೇ ಕೇಳಿದಾಗ, ಯಾರೋ ಎದೆಯ ಮೇಲೆ ಕಾಲಿಟ್ಟು ನಿಂತ ಹಾಗಾಯಿತು.

"ಮೂರ ದಿನಕ್ಕ ಅಂವ ಸತ್ತ," ಅಂದರು ಆಬಾ. "ಸುದ್ದಿ ಕೇಳಿದ ಕೂಡಲೇ ನನಗ ತಿಳೀತು. ನೀ ಹೇಳಿದ್ದ ದೋಷಾನ ಹೊಡೀತು ಅಂತ. ಒಂದs ಸಲ ಓದಿ ಬಿಡತೈತಿ ಅಂತ ನೀ ಹೇಳಿದ್ದಿ. ನಾ ಬರದ ಡ್ರೈವರ್ ಒಬ್ಬ ಮನಶ್ಯಾನ್ನ ಕೊಂದತು. ಪೊಲೀಸರು ಬಂದು ಕುಂತ್ರು. ಕೈ ತಾನs ಬರೀತು."

"ನನ್ನ ಹೆಸರ."

"ನಿನ್ನ ಹೆಸರ."

ಕೆಳಗಿನಿಂದ ಹೆಂಗಸರ ನಗೆ ಕೇಳಿಸಿತು. ಯಾರೋ ಯಾರನ್ನೋ ಮರಾಠಿಯಲ್ಲಿ ಬೈಯುತ್ತ ಹೋದರು.

"ನೀವ ಮಗಳು ಅಂದ್ರಿ. ನಾ ನಂಬಿದೆ," ಅಂದಳು ಜಿನಮತಿ. "ಹಳೇದನ್ನ ಹಾಕಿದ್ದು ಹೆದರಿಕ್ಯಾಗ ಆತು ಅನ್ರಿ, ಒಪ್ಪತೀನಿ. ಇದು? ಇದು ಯಾವ ಹೆದರಿಕ್ಯಾಗ ಮಾಡಿದ್ರಿ?"

ಅಚ್ಚು ಮಾಡಿದ ಕಾಗದವನ್ನು ಅವರ ಮುಂದೆ ಬಿಚ್ಚಿದಳು. ಇಪ್ಪತ್ತೆಂಟು ಬೈಟಿನ ಕೆಳಗೆ ಕೆಂಪು ಪೆನ್ನಿನ ಗೆರೆ ಎಳೆದಿದ್ದಳು.

ಆಬಾ ಕಾಗದವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದರು. ಮೊದಲ ಸಾಲು ಓದಿದರು, ಎರಡನೆಯದು ಓದಿದರು. ಅವರ ಮುಖದ ಮೇಲಿನ ನಾಚಿಕೆ ಹೋಗಿ ಅಲ್ಲಿ ಬೇರೇನೋ ಬಂತು. ಅವಳು ಏಳು ವರ್ಷ ನೋಡಿದ್ದ ಮುಖ ಅದು. ಕೆಟ್ಟ ಮಶೀನಿನ ಮುಂದೆ ಕೂತಾಗಿನ ಮುಖ.

"ಇದು ನಂದಲ್ಲ."

"ಆಬಾ, ಇನ್ನೂ…"

"ಸುಳ್ಳು ಒಮ್ಮೆ ಬರದೀನಿ. ಜೀವ ಇರೂತನಾ ಅದು ನನ್ನ ಸುಡತೈತಿ. ಆದ್ರ ಇದನ್ನ ನೋಡು." ಅವರು ಎದ್ದು ಕಪಾಟು ತೆಗೆದರು. ಡ್ರೈವರಿನ ಮೂಲ ಬರಹದ ದಪ್ಪ ಕಟ್ಟು ತಂದು ಮೇಜಿನ ಮೇಲೆ ಹಾಕಿದರು. ಧೂಳು ಎದ್ದಿತು. "ಮೂಲ ನನ್ನ ಹತ್ರ ಐತಿ. ನನಗ ಸ್ವಿಚ್ಚ ಬ್ಯಾಡಾಗಿದ್ರ ಈ ಒಂದು ಸಾಲು ಹೊಡದ ಹಾಕಿ ಮತ್ತ ಕಂಪೈಲ್ ಮಾಡಿ ಹೊಸಾ ಡ್ರೈವರ್ ತಗೀತಿದ್ದೆ. ಸೈಜ್ ಇಳೀತಿತ್ತು. ಏರತಿರಲಿಲ್ಲ."

ಜಿನಮತಿ ಕಟ್ಟಿನ ಮೇಲೆ ಬಗ್ಗಿದಳು.

"ಇದು ಮೂಲ ಇಲ್ಲದಾಂವ ಮಾಡಿದ್ದು. ಹೊಲಿದ ಅಂಗಿಗೆ ಮ್ಯಾಲಿಂದ ತ್ಯಾಪಿ ಹಚ್ಚಿದಂಗ ಹಚ್ಚ್ಯಾನ. ನಡುವ ಜಾಗ ಸಿಕ್ಕಿಲ್ಲ, ಜಿಗದು ಕಡೀಕ ಹೋಗ್ಯಾನ. ಎಲ್ಲಾ ಬರೋಬ್ಬರಿ ಎಣಿಸ್ಯಾನ. ಆದ್ರ ಹೊಸಬ. ಎಂಟು ಬೈಟಿನ್ಯಾಗ ಆಗೂ ಕೆಲಸಕ್ಕ ಇಪ್ಪತ್ತೆಂಟು ತಗೊಂಡಾನ."

ನಿಜ. ಅವಳು ಆಬಾರ ಮೇಲಿನ ಸಿಟ್ಟಿನಲ್ಲಿ ಇದನ್ನು ಕಂಡೂ ಕಂಡಿರಲಿಲ್ಲ. ಎಣಿಕೆ ಸರಿಯಿದ್ದರೂ ಕೈ ಪಳಗಿರಲಿಲ್ಲ. ಯಾರೋ ಪುಸ್ತಕ ಮುಂದಿಟ್ಟುಕೊಂಡು, ಒಂದೊಂದೇ ಸಾಲು ನೋಡಿ ಬರೆದಂತಿತ್ತು.

"ಅವತ್ತ ನೀವ ಜುಗೂಳಕ್ಕ ಹೋದಾಗ ಮಶೀನಿನ ಹತ್ರ ಯಾರ ಇದ್ರು?"

"ನಾ ಹೋಗಿಲ್ಲಲ್ಲ," ಅಂದರು ಆಬಾ. "ಆ ಸೋಮವಾರ ನಿನಗೂ ಹೇಳದ ಕೊಲ್ಹಾಪುರದಾಗ ಈ ಕಣ್ಣು ಕೊಯಿಸಿಕೊಂಡು ಮಲಗಿದ್ದೆ. ಹಳೇ ಡ್ರೈವರಿನ ಫ್ಲಾಪಿ, ಪಾಸ್‌ವರ್ಡ್, ಹಾಕೂದು ಹ್ಯಾಂಗ ಅನ್ನೋ ಚೀಟಿ, ಎಲ್ಲಾ ಹಿಂದಿನ ದಿನಾನ ಕೊಟ್ಟು ಕಳಿಸಿದ್ದೆ."

"ಯಾರ ಕೈಯಾಗ?"

ಆಬಾ ಅವಳನ್ನೇ ನೋಡಿದರು. ಆ ಒಂದೇ ಕಣ್ಣು ನಿಧಾನವಾಗಿ ಅಗಲವಾಯಿತು.

"ನಿನಗ ಗೊತ್ತಿಲ್ಲೇನು?"

"ಯಾರ ಕೈಯಾಗ, ಆಬಾ?"

"ನಿನ್ನ ಮನಿಯವರ ಕೈಯಾಗ. ಜಯಪಾಲನ ಕೈಯಾಗ. ಅವನs ಬಂದು ಕೇಳಿದ. ಜಿನಮತಿ ಒಪ್ಪ್ಯಾಳ, ಆಕಿಗೆ ನಿಮ್ಮನ್ನ ಕೇಳಾಕ ಸಂಕೋಚ, ಅದಕ್ಕ ನನ್ನ ಕಳಿಸ್ಯಾಳ ಅಂದ."

ಆ ಸೋಮವಾರ ಇಚಲಕರಂಜಿಗೆ ತಾಮ್ರದ ತಂತಿ ತರಲು ಹೋಗಿದ್ದೆ ಎಂದಿದ್ದ ಜಯಪಾಲ. ತೆಲಸಂಗದಿಂದ ಬಂದ ಅವಳಿಗೆ ಬಸ್‌ಸ್ಟ್ಯಾಂಡಿನಲ್ಲೇ ಎದುರಾಗಿ, ಕೈಯಿಂದ ಚೀಲ ತೆಗೆದುಕೊಂಡಿದ್ದ.

ಹೊರಗಿನವರು ಯಾರೂ ಬಂದಿಲ್ಲ ಎಂದಿದ್ದ ಮಾಯಪ್ಪ. ವಾರಕ್ಕೆರಡು ಸಲ ಬಂದು ಮೋಟರು ನೋಡಿ ಹೋಗುವವನನ್ನು ಯಾವ ವಾಚಮನ್ ಹೊರಗಿನವನೆಂದಾನು?

ಭಾನುವಾರದ ಮಧ್ಯಾಹ್ನಗಳು ಅವಳ ಕಣ್ಣ ಮುಂದೆ ಬಂದವು. ಸುತ್ತ ಬೋರಗಾಂವದ ಮಗ್ಗಗಳ ಖಟಖಟ, ನಡುವೆ ಚಾಪೆಯ ಮೇಲೆ ಇಬ್ಬರೇ. ಅವಳು ಅಂಕಿ ಬರೆಯುವುದು, ಅವನು ಓದಿ ಹೇಳುವುದು. ಮೂಲ ಇಲ್ಲದಿದ್ದಾಗ ಸಿದ್ಧ ಡ್ರೈವರನ್ನು ಹೇಗೆ ತಿದ್ದಬೇಕೆಂದು ಕೇಳಿದ್ದು ಅವನೇ. ಗಂಡ ತನ್ನ ಕೆಲಸದಲ್ಲಿ ಮನಸ್ಸಿಟ್ಟ ಖುಷಿಗೆ ಅವಳು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದು ಕೊಟ್ಟಿದ್ದಳು. ಓದು, ಜಿಗಿ, ಸೊನ್ನೆ ಮಾಡು, ಹಿಂದಕ್ಕೆ ಜಿಗಿ. ಮುಂದಿನ ಪುಟಗಳಲ್ಲಿ ಅವನು ತನ್ನ ಕೈಯಿಂದ ಎಣಿಕೆ ಮಾಡಿ ಕಲಿತಿದ್ದ. ಉದಾಹರಣೆಗೆಂದು ಅವಳು ಬರೆದದ್ದೂ ಇಪ್ಪತ್ತೆಂಟು ಬೈಟೇ.

ಬರೀ ಹಳೆಯ ಡ್ರೈವರು ಹಾಕಿದ್ದರೂ ಒದ್ದೆ ಸ್ವಿಚ್ಚಿಗೆ ಮೋಟರು ಆಗಾಗ ನಿಲ್ಲುತ್ತಿತ್ತು. ಆ ಸ್ವಿಚ್ಚು ಬದಲಿಸಬೇಕಾದವನು ಅವನು; ಮೋಟರು ನಿಂತಾಗೆಲ್ಲ ಸಂಘದವರು ಕೇಳುವುದು ಅವನನ್ನೇ. ಪುಣೆಗೆ ನಿಜಕ್ಕೂ ಆರ್ಡರು ಹೋಗಿತ್ತೇ? ಅದನ್ನು ಹೇಳಿದವನೂ ಅವನೊಬ್ಬನೇ.

ಹನ್ನೊಂದು ದಿನ ಪಕ್ಕದಲ್ಲಿ ಕುಳಿತು ಅವಳ ಕಣ್ಣೀರು ಒರೆಸಿದ್ದ. ಪೊಲೀಸರು ಏನು ಕೇಳಿದರೆಂದು ದಿನವೂ ಕೇಳುತ್ತಿದ್ದ. ಪ್ರೀತಿಗೆ ಕೇಳುತ್ತಾನೆಂದು ಅವಳು ಒಂದನ್ನೂ ಬಿಡದೆ ಹೇಳಿದ್ದಳು.

"ಕುಂಡ್ರು, ಬಾಳಾ. ನೀರ ಕುಡಿ."

ಅವಳು ಕೂರಲಿಲ್ಲ. ಕಿಟಕಿಗೆ ಹೋಗಿ ನೋಡಿದಳು. ಜಯಪಾಲ ರಸ್ತೆಯ ಆಚೆ ಸ್ಕೂಟರಿಗೆ ಒರಗಿ ನಿಂತು ಮೇಲಕ್ಕೇ ನೋಡುತ್ತಿದ್ದ. ಅವಳನ್ನು ಕಂಡು ಕೈಯೆತ್ತಿದ. ಅವಳೂ ಎತ್ತಿದಳು. ಹೇಗೆ ಎತ್ತಿದಳೋ ಅವಳಿಗೇ ಗೊತ್ತಾಗಲಿಲ್ಲ.

ಅವಳು ಒಳಗೆ ತಿರುಗಿದಳು. ಚೀಲದಿಂದ ಫ್ಲಾಪಿ ತೆಗೆದಳು. ಜುಗೂಳದ ಮಶೀನಿನಿಂದ ಇಳಿಸಿಕೊಂಡದ್ದು. ಸಂಘದವರು ಆ ಮಶೀನಿನಲ್ಲಿರುವುದನ್ನು ಅಳಿಸಿಬಿಟ್ಟರೆ ಲೋಕದಲ್ಲಿ ಉಳಿಯುವ ಪುರಾವೆ ಅದೊಂದೇ. ಕಾಗದದ ಜೊತೆ ಅದನ್ನು ಆಬಾರ ಮುಂದೆ ಇಟ್ಟಳು.

"ಸಿದರಾಯ ಸಾಹೇಬ್ರಿಗೆ ಫೋನ್ ಮಾಡಿ ಇದನ್ನ ಅವರ ಕೈಯಾಗ ಕೊಡ್ರಿ. ನೀವ ಬರದ ಕೊಟ್ಟಿದ್ದು ಸುಳ್ಳು ಅಂತನೂ ಹೇಳ್ರಿ."

ಆಬಾ ಫ್ಲಾಪಿಯನ್ನು ಮುಟ್ಟಲಿಲ್ಲ. "ನನ್ನ ನಂಬತಿ?"

"ಇಲ್ಲ," ಅಂದಳು ಜಿನಮತಿ. "ಆದ್ರ ಬ್ಯಾರೆ ಯಾರ ಅದಾರ್ರಿ ನನಗೀಗ?"

"ನೀ ಅವನ ಹಿಂದ ಹೋಗಬ್ಯಾಡ. ಇಲ್ಲೇ ಇರು."

"ನಾ ಅವಗ ಕಲಿಸಿದ ನೋಟ್‌ಬುಕ್ ಮನ್ಯಾಗ ಐತಿ, ಆಬಾ. ಅದರಾಗ ಅವನ ಕೈಲೆ ಎಣಿಕಿ ಮಾಡಿದ ಪುಟ ಅದಾವ. ನಾ ಇವತ್ತ ಹೋಗದಿದ್ರ ನಾಳೆ ಅದು ಒಲ್ಯಾಗ ಹೋಗತೈತಿ."

ಅವಳು ಮೆಟ್ಟಿಲಿಳಿದಳು. ಜಯಪಾಲ ಸ್ಕೂಟರು ಚಾಲೂ ಮಾಡಿಕೊಂಡೇ ನಿಂತಿದ್ದ.

"ಏನಂದ್ರು?"

"ಎಲ್ಲಾ ಒಪ್ಪಿಕೊಂಡ್ರು. ಅವರs ಹಳೇದನ್ನ ಹಾಕ್ಯಾರಂತ."

"ಅವರs?"

"ಅವರs."

ಜಯಪಾಲನ ಹೆಗಲು ಇಳಿಯಿತು. "ನಡಿ, ಮನಿಗೆ ಹೋಗೂಣು," ಅಂದ.

ಅವಳು ಹಿಂದೆ ಕುಳಿತಳು. ದಿನವೂ ಅವನ ಹೆಗಲ ಮೇಲಿಡುತ್ತಿದ್ದ ಕೈಯಲ್ಲಿ ಸೀಟಿನ ಕಬ್ಬಿಣದ ಹಿಡಿಕೆ ಹಿಡಿದಳು. ಸ್ಕೂಟರು ಪೇಟೆಯ ಗದ್ದಲ ದಾಟಿತು, ಬಸ್‌ಸ್ಟ್ಯಾಂಡು ದಾಟಿತು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಲಾರಿಗಳ ಸಾಲು ಎದುರಿಗೆ ಬರುತ್ತಿತ್ತು.

ಬೋರಗಾಂವದ ತಿರುವು ಬಂತು. ಜಯಪಾಲ ತಿರುಗಿಸಲಿಲ್ಲ.

"ದಾರಿ ಬಿಟ್ರಲ್ರಿ," ಅಂದಳು ಜಿನಮತಿ.

ಅವನು ವೇಗ ಹೆಚ್ಚಿಸಿದ. ಹೆದ್ದಾರಿ ಮುಂದೆ ತವಂದಿ ಘಾಟಿನ ಕಡೆ ಏರುತ್ತಿತ್ತು.

"ರೀ, ಎಲ್ಲಿ ಹೊಂಟೀರಿ?"

ಜಯಪಾಲ ಹಿಂದೆ ತಿರುಗಿ ನೋಡಲಿಲ್ಲ. ಗಾಳಿಯಲ್ಲೂ ಅವನ ಮಾತು ಸ್ಪಷ್ಟವಾಗಿ ಕೇಳಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಕಲಿಯಲ್ಲಿ ಚಹಾ ಆರಿಸಿ ಕೊಟ್ಟಾಗಿನ ದನಿಯೇ ಅದು.

"ಸುಳ್ಳು ಹೇಳೂದು ನಿನಗ ಎಂದೂ ಬರಲಿಲ್ಲ, ಜಿನಮತಿ."